ಹೂವಿನಲ್ಲಿ ಮಕರಂದವಿಲ್ಲ, ಎಲೆಯಲ್ಲಿ ಸಿಹಿಯುಂಟು

ತಂಗಡಿ ಹೂವಿನಲ್ಲಿ ಒಂದು ಹನಿ ಮಕರಂದವೂ ಇಲ್ಲ. ಆದರೂ ಹೊತ್ತೇರುತ್ತಿದ್ದಂತೆ ದುಂಬಿಗಳು ಈ ಗಿಡಕ್ಕೆ ಮುತ್ತುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹೊಲದ ಬದು, ರಸ್ತೆಯ ಅಂಚು, ಕುರುಚಲು ಗುಡ್ಡಗಳಲ್ಲಿ ಆಳೆತ್ತರ ಬೆಳೆಯುವ ಹಳದಿ ಹೂವಿನ ಪೊದೆ ಇದು. ಆವರಿಕೆ ಎಂದರೂ ಇದೇ. ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟಾ. ಭಾರತ, ಶ್ರೀಲಂಕಾಗಳ ಒಣ ನೆಲವೇ ತವರು.

ಹೂವನ್ನು ಹತ್ತಿರದಿಂದ ನೋಡಿ. ಎಸಳು ಐದು, ಕೇಸರ ಹತ್ತು. ಮೇಲಿನ ಮೂರು ಕೇಸರಗಳು ಬರಡು. ಕೆಳಗಿನವು ಉದ್ದವಾಗಿ ಬಾಗಿವೆ. ಬಹುತೇಕ ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿ ಪರಾಗ ಹೊರಚೆಲ್ಲುತ್ತದೆ. ಇಲ್ಲಿ ಹಾಗಲ್ಲ, ಉಪ್ಪಿನ ಡಬ್ಬಿಯಂತೆ ತುದಿಯಲ್ಲಿ ಮಾತ್ರ ತೂತು. ಅಲುಗಿಸದೆ ಪುಡಿ ಉದುರದು. ಕರಿ ಬಡಗಿ ದುಂಬಿ ಕೇಸರಗಳನ್ನು ತಬ್ಬಿ ಹಿಡಿದು, ರೆಕ್ಕೆ ಬೀಸದೆಯೇ ಹಾರಾಟದ ಸ್ನಾಯುಗಳನ್ನು ಗುಂಯ್‌ಗುಟ್ಟಿಸುತ್ತದೆ. ಆ ಕಂಪನಕ್ಕೆ ಪರಾಗ ಚಿಮ್ಮುತ್ತದೆ. ನಡುವಿನ ಗಿಡ್ಡ ಕೇಸರಗಳ ಪರಾಗ ದುಂಬಿಯ ಮರಿಗಳಿಗೆ ಊಟ. ಉದ್ದ ಕೇಸರಗಳದ್ದು ದುಂಬಿಯ ಮೈಗೆ ಅಂಟಿ ಮುಂದಿನ ಹೂವಿಗೆ ಹೋಗುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು, ಚೆಲ್ಲಿದ್ದನ್ನಷ್ಟೇ ಆಯ್ದುಕೊಳ್ಳುತ್ತದೆ.

ಹಾಗಾದರೆ ತಂಗಡಿಯಲ್ಲಿ ಸಿಹಿಯೇ ಇಲ್ಲವೇ? ಇದೆ, ಎಲೆಯಲ್ಲಿ. ಎಲೆದಂಟಿನ ಮೇಲೆ ಪ್ರತಿ ಜೋಡಿ ಕಿರುಎಲೆಗಳ ನಡುವೆ ಕಡ್ಡಿಯಂಥ ಪುಟ್ಟ ಗ್ರಂಥಿ ನಿಂತಿರುತ್ತದೆ. ಅದು ಒಸರುವ ಸಿಹಿಗೆ ಇರುವೆಗಳು ಬರುತ್ತವೆ. ಬಂದ ಇರುವೆಗಳು ಎಲೆ ಮೇಯುವ ಹುಳುಗಳನ್ನು ಓಡಿಸುತ್ತವೆ. ಆದರೂ ಬಿಳಿ ವಲಸೆ ಚಿಟ್ಟೆಯ ಹಸಿರು ಮರಿಗಳು ಇದೇ ಎಲೆ ತಿಂದು ಬೆಳೆಯುತ್ತವೆ.

ಮನುಷ್ಯರಿಗೆ ಬೇಕಾದದ್ದು ತೊಗಟೆ. ಅದರ ಸುಮಾರು ಐದನೇ ಒಂದು ಭಾಗ ಟ್ಯಾನಿನ್. ಹಸಿ ಚರ್ಮದ ಪ್ರೋಟೀನುಗಳಿಗೆ ಅದು ಬೆಸೆದುಕೊಂಡರೆ ಚರ್ಮ ಕೊಳೆಯದೆ ತೊಗಲಾಗುತ್ತದೆ. ದಕ್ಷಿಣ ಭಾರತದ ಚರ್ಮ ಹದ ಮಾಡುವವರು ಬಹುಕಾಲ ಇದನ್ನೇ ನಂಬಿದ್ದರು. ಮುಂದೆ ಹೊರದೇಶದ ವ್ಯಾಟಲ್ ತೊಗಟೆ, ಕ್ರೋಮಿಯಂ ಲವಣ ಬಂದವು. ನೆರೆಯ ತೆಲಂಗಾಣದಲ್ಲಿ ಬತುಕಮ್ಮ ಹಬ್ಬಕ್ಕೆ ಈ ಹೂವು ಬೇಕೇ ಬೇಕು. 2014ರಲ್ಲಿ ಅದು ಆ ರಾಜ್ಯದ ಹೂವೂ ಆಯಿತು. ನಮ್ಮಲ್ಲಿ ಇನ್ನೂ ಬೇಲಿಯಾಚೆಯ ಗಿಡ.

ಬೆಳೆಸುವುದು ಸುಲಭ. ಕಂದುಬಣ್ಣಕ್ಕೆ ತಿರುಗಿ ಒಣಗಿದ ಚಪ್ಪಟೆ ಕಾಯಿಗಳನ್ನು ಬಿಡಿಸಿ ಬೀಜ ತೆಗೆಯಿರಿ. ಸಿಪ್ಪೆ ಗಟ್ಟಿ, ನೀರು ಒಳಗೆ ಇಳಿಯದು. ಕುದಿಸಿ ಕೆಳಗಿಳಿಸಿದ ನೀರಿಗೆ ಬೀಜ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವಕ್ಕೆ ಮತ್ತೊಮ್ಮೆ ಅದೇ ಉಪಚಾರ ಮಾಡಿ. ಮುಂಗಾರು ನೆಲ ನೆನೆಸಿದಾಗ ಬೆರಳ ಗೆಣ್ಣಿನಷ್ಟು ಆಳಕ್ಕೆ, ಬೆಳೆಯಬೇಕಾದ ಜಾಗದಲ್ಲೇ ಊರಿ. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಕಿತ್ತು ನೆಟ್ಟರೆ ಸೊರಗುತ್ತದೆ. ಪಾಲಿಥಿನ್ ಚೀಲದಲ್ಲಿ ಬೆಳೆಸಿದರೆ ಬೇರು ಸುತ್ತಿಕೊಳ್ಳುವ ಮೊದಲೇ ನೆಡಿ. ಪೂರ್ತಿ ಬಿಸಿಲು ಬೇಕು, ನೀರು ನಿಲ್ಲಬಾರದು. ಬೇರೂರಿದ ಮೇಲೆ ಮಳೆಯೇ ಸಾಕು. ದನಕರು ಇದಕ್ಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಕಡಿದರೆ ಬುಡದಿಂದ ಚಿಗುರುತ್ತದೆ. ಆ ಸೊಪ್ಪು ಹೊಲಕ್ಕೆ ಹಸಿರು ಗೊಬ್ಬರ.

ಒಂದು ಮಾತು ಮರೆಯಬೇಡಿ: ಬಡಗಿ ದುಂಬಿ ಗೂಡು ಕೊರೆಯುವುದು ಒಣಮರದಲ್ಲಿ. ಬದುವಿನ ಒಣ ಮೋಟನ್ನೆಲ್ಲ ಒಲೆಗೆ ಹಾಕಿದರೆ ಹೂವಿದ್ದೂ ಕಾಯಿ ಕಡಿಮೆಯಾದೀತು.

ಈ ಕುರುಚಲು ನೆಲವನ್ನು ಬಂಜರು ಎಂದು ಬರೆದಿಟ್ಟುಕೊಂಡೇ ನಾವು ಹಸಿರು ಮಾಡಲು ಹೊರಡುತ್ತೇವೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಕರಡಿಧಾಮವಾದದ್ದು ಇಂಥದೇ ಬಂಡೆ, ಪೊದೆಗಳ ನಡುವೆ. ಗಿಡ ನೆಡುವ ಪಂಚಾಯಿತಿ, ಶಾಲೆ, ರೈತರು ದೂರದ ಸಸಿಗೆ ಟ್ಯಾಂಕರ್ ನೀರು ಹೊರುವ ಮೊದಲು ಊರ ಬದುವಿನ ತಂಗಡಿ ಬೀಜ ಆರಿಸಲಿ. ಇಲ್ಲಿನ ಮಳೆ, ಮಣ್ಣು, ದುಂಬಿ, ಇರುವೆ ಎಲ್ಲದರ ಜೊತೆ ಬಾಳುವುದನ್ನು ಅದು ಆಗಲೇ ಕಲಿತಿದೆ.