ಕನಿಷ್ಠ ದರದಿಂದ ಉತ್ತಮ ಮೌಲ್ಯದ ಕಡೆಗೆ: ಅಂಕ ನೀಡುವವರಿಗೂ ಪಡೆಯುವವರಿಗೂ ತರಬೇತಿ ಅಗತ್ಯ

ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂತೆ ಎಂಬ ಮಾತು ಮಂಡಿ ವ್ಯಾಪಾರಿಗಳಿಗೆ ಹೊಸದಲ್ಲ. ತಮ್ಮ ಸ್ವಂತ ಹಣದಿಂದ ಸರಕು ಕೊಳ್ಳುವಾಗ ಯಾವ ವರ್ತಕನೂ ದರವೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ. ಕೊಡುವವನ ಮಾತು, ಮಾಲಿನ ಗುಣ, ಸಮಯಕ್ಕೆ ತಲುಪುವ ಭರವಸೆ ಇವೆಲ್ಲವನ್ನೂ ತೂಗಿ ನೋಡುತ್ತಾನೆ. ಆದರೆ ಸರ್ಕಾರದ ಖರೀದಿಯಲ್ಲಿ ದಶಕಗಳಿಂದ ನಡೆದು ಬಂದಿರುವ ಪದ್ಧತಿಯೇ ಬೇರೆ. ನಿಗದಿತ ಅರ್ಹತೆ ಇರುವವರ ಪೈಕಿ ಯಾರ ದರ ಅತಿ ಕಡಿಮೆಯೋ ಅವರಿಗೇ ಗುತ್ತಿಗೆ. ಎಲ್-1 ಎಂದು ಕರೆಯಲಾಗುವ ಈ ಪದ್ಧತಿಯ ಪಕ್ಕದಲ್ಲಿ ಈಗ ಉತ್ತಮ ಮೌಲ್ಯದ ಆಧಾರದ ಮೇಲೆ ಗುತ್ತಿಗೆದಾರರನ್ನು ಆರಿಸುವ ಪದ್ಧತಿಯೂ ಕಾಲೂರುತ್ತಿದೆ. ಇದರಿಂದ ಸಣ್ಣ ಉದ್ಯಮಿಗೆ ಲಾಭವೋ ನಷ್ಟವೋ ಎಂಬುದು ನಿಯಮದ ಅಕ್ಷರಗಳಿಗಿಂತ ಹೆಚ್ಚಾಗಿ, ಅಂಕ ನೀಡುವ ಅಧಿಕಾರಿಗೆ ದೊರೆತ ತರಬೇತಿಯನ್ನು ಅವಲಂಬಿಸಿದೆ.

ಒಂದು ಸೇತುವೆಯ ಲೆಕ್ಕ

ಈ ಪದ್ಧತಿಯ ಬಲವನ್ನೂ ಅಪಾಯವನ್ನೂ ಒಟ್ಟಿಗೆ ತೋರಿಸುವ ಉದಾಹರಣೆಯೊಂದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿದೆ. 2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪ್ಪಿ ನದಿಯ ಮೇಲಿದ್ದ ಹೆದ್ದಾರಿ ಸೇತುವೆ ಕುಸಿದು 13 ಮಂದಿ ಮೃತಪಟ್ಟರು. 145 ಮಂದಿ ಗಾಯಗೊಂಡರು. ಮೂಲ ವಿನ್ಯಾಸದಲ್ಲಿ ಜೋಡಣಾ ಫಲಕಗಳು ಸಾಕಷ್ಟು ದಪ್ಪವಿರಲಿಲ್ಲವೆಂದು ಅನಂತರದ ತನಿಖೆ ಹೇಳಿತು. ಹೊಸ ಸೇತುವೆಯನ್ನು ಶೀಘ್ರವಾಗಿ ಕಟ್ಟಬೇಕಾಗಿತ್ತು. ವಿನ್ಯಾಸ ಮತ್ತು ನಿರ್ಮಾಣ ಎರಡನ್ನೂ ಒಬ್ಬರಿಗೇ ವಹಿಸುವ ಕಾನೂನಿನಡಿ ರಾಜ್ಯದ ಸಾರಿಗೆ ಇಲಾಖೆಯು ಬೆಲೆ, ಅವಧಿ ಮತ್ತು ತಾಂತ್ರಿಕ ಗುಣ ಈ ಮೂರನ್ನೂ ಸೇರಿಸಿ ಆಯ್ಕೆ ನಡೆಸಿತು.

ನಾಲ್ಕು ತಂಡಗಳು ಸ್ಪರ್ಧಿಸಿದವು. ಅತಿ ಕಡಿಮೆ ದರ ನಮೂದಿಸಿದ ತಂಡದ ಬೆಲೆ ಸುಮಾರು 17.69 ಕೋಟಿ ಡಾಲರ್, ಅವಧಿ 367 ದಿನ, ತಾಂತ್ರಿಕ ಅಂಕ 65.91. ಅತಿ ಹೆಚ್ಚು ದರ ನಮೂದಿಸಿದ ಫ್ಲಾಟಿರಾನ್-ಮ್ಯಾನ್ಸನ್ ತಂಡದ ಬೆಲೆ ಸುಮಾರು 23.38 ಕೋಟಿ ಡಾಲರ್, ಅವಧಿ 437 ದಿನ, ಅಂಕ 91.47. ಪ್ರತಿ ದಿನಕ್ಕೆ ಎರಡು ಲಕ್ಷ ಡಾಲರಿನಂತೆ ಅವಧಿಯ ವೆಚ್ಚವನ್ನು ಬೆಲೆಗೆ ಕೂಡಿಸಿ, ಬಂದ ಮೊತ್ತವನ್ನು ಅಂಕದಿಂದ ಭಾಗಿಸಬೇಕೆಂಬುದು ಮೊದಲೇ ಪ್ರಕಟವಾಗಿದ್ದ ಸೂತ್ರ.

ಲೆಕ್ಕ ಹಾಕಿದರೆ ಮೊದಲನೆಯ ತಂಡದ ಮೊತ್ತ 25.03 ಕೋಟಿ ಡಾಲರ್. ಒಂದು ಅಂಕಕ್ಕೆ ತಗಲುವ ವೆಚ್ಚ ಸುಮಾರು 37.98 ಲಕ್ಷ ಡಾಲರ್. ಎರಡನೆಯ ತಂಡದ ಮೊತ್ತ 32.12 ಕೋಟಿ ಡಾಲರ್. ಒಂದು ಅಂಕಕ್ಕೆ 35.11 ಲಕ್ಷ ಡಾಲರ್. ಹೀಗೆ ದರದಲ್ಲಿಯೂ ಅವಧಿಯಲ್ಲಿಯೂ ಹಿಂದಿದ್ದ ತಂಡಕ್ಕೆ ಗುತ್ತಿಗೆ ದೊರೆಯಿತು. ಸೇತುವೆಯು ನಿಗದಿತ ಅವಧಿಗಿಂತ ಸುಮಾರು ಮೂರು ತಿಂಗಳು ಮೊದಲೇ, 2008ರ ಸೆಪ್ಟೆಂಬರ್ 18ರಂದು ಸಂಚಾರಕ್ಕೆ ತೆರೆಯಿತು.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಗೆದ್ದ ತಂಡಕ್ಕೆ 91.47ರ ಬದಲು 84 ಅಂಕ ಬಂದಿದ್ದರೆ ಗುತ್ತಿಗೆ ಕಡಿಮೆ ದರದವರ ಪಾಲಾಗುತ್ತಿತ್ತು. 5.69 ಕೋಟಿ ಡಾಲರ್ ದರ ವ್ಯತ್ಯಾಸದ ತೀರ್ಮಾನವು ಏಳೂವರೆ ಅಂಕಗಳ ಮೇಲೆ ನಿಂತಿತ್ತು. ವಿಷಯ ನ್ಯಾಯಾಲಯಕ್ಕೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಗೆದ್ದ ಪ್ರಸ್ತಾವನೆಯು ಟೆಂಡರಿನ ಷರತ್ತುಗಳಿಗೆ ಅನುಗುಣವಾಗಿರಲಿಲ್ಲವೆಂಬ ವಾದ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೂ ಸಾಗಿ, 2010ರಲ್ಲಿ ಇಲಾಖೆಯ ಪರವಾಗಿ ತೀರ್ಪು ಬಂದಿತು. ಸೂತ್ರ ಮೊದಲೇ ಪ್ರಕಟವಾಗಿದ್ದು, ಅಂಕಗಳು ದಾಖಲೆಯಲ್ಲಿ ಇರದಿದ್ದರೆ ಇಂತಹ ತೀರ್ಮಾನವನ್ನು ಸಮರ್ಥಿಸಿಕೊಳ್ಳುವುದು ಯಾವ ಇಲಾಖೆಗೂ ಸುಲಭವಲ್ಲ.

ಕಾನೂನಿನಲ್ಲಿಯೇ ತರಬೇತಿ

ಅದೇ 2007ರಲ್ಲಿ ಮಿನೆಸೋಟದ ಶಾಸನಸಭೆಯು ನಿರ್ಮಾಣ ಗುತ್ತಿಗೆಗಳಲ್ಲಿ ಉತ್ತಮ ಮೌಲ್ಯದ ಆಯ್ಕೆಗೆ ಅವಕಾಶ ನೀಡುವ ಪ್ರತ್ಯೇಕ ಕಾನೂನನ್ನು ಅಂಗೀಕರಿಸಿತು. ಹಿಂದಿನ ಕೆಲಸಗಳ ಗುಣಮಟ್ಟ, ಸಮಯಪಾಲನೆ, ಗ್ರಾಹಕರ ತೃಪ್ತಿ, ಅಂದಾಜು ವೆಚ್ಚದೊಳಗೆ ಮುಗಿಸಿದ ದಾಖಲೆ, ಕೆಲಸದ ನಡುವೆ ಬದಲಾವಣೆ ಆದೇಶಗಳನ್ನು ಮಿತಗೊಳಿಸುವ ಸಾಮರ್ಥ್ಯ, ಪ್ರಮುಖ ಸಿಬ್ಬಂದಿಯ ಅರ್ಹತೆ ಮುಂತಾದವು ಅಲ್ಲಿ ಪರಿಗಣನೆಯ ಅಂಶಗಳು. ವಿಶೇಷವೆಂದರೆ, ಈ ಪದ್ಧತಿಯನ್ನು ನಿರ್ವಹಿಸುವ ಸಿಬ್ಬಂದಿಯೂ, ಸ್ಥಳೀಯ ಸಂಸ್ಥೆಗಳಿಗಾಗಿ ಟೆಂಡರು ದಾಖಲೆಗಳನ್ನು ಸಿದ್ಧಪಡಿಸುವ ಅಥವಾ ಮೌಲ್ಯಮಾಪನ ಮಾಡುವ ಸಲಹೆಗಾರರೂ ಇದಕ್ಕಾಗಿ ತರಬೇತಿ ಪಡೆದಿರಲೇಬೇಕೆಂದು ಕಾನೂನೇ ವಿಧಿಸಿತು. ವಿವೇಚನೆಯ ಅಧಿಕಾರವನ್ನೂ ಅದನ್ನು ಬಳಸುವ ಶಿಸ್ತನ್ನೂ ಒಂದೇ ಕಾನೂನಿನಲ್ಲಿ ಕೊಟ್ಟ ಈ ಕ್ರಮ ಗಮನಾರ್ಹ.

ನಮ್ಮಲ್ಲಿನ ಸ್ಥಿತಿ

ಕರ್ನಾಟಕದಲ್ಲಿ ಸರ್ಕಾರಿ ಟೆಂಡರುಗಳಿಗೆ ಆಧಾರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರಡಿಯ 2000ದ ನಿಯಮಗಳು. ಇಲ್ಲಿ ಬಳಕೆಯಲ್ಲಿರುವ ಎರಡು ಲಕೋಟೆ ಪದ್ಧತಿ ವಾಚಕರಿಗೆ ಪರಿಚಿತ. ಮೊದಲ ಲಕೋಟೆಯಲ್ಲಿ ತಾಂತ್ರಿಕ ಅರ್ಹತೆ, ಎರಡನೆಯದರಲ್ಲಿ ದರ. ಸಾಮಾನ್ಯ ಕಾಮಗಾರಿಗಳಲ್ಲಿ ಮೊದಲ ಲಕೋಟೆಯ ಫಲಿತಾಂಶ ತೇರ್ಗಡೆ ಅಥವಾ ಅನುತ್ತೀರ್ಣ, ಇಷ್ಟೇ. ಹೊಸ್ತಿಲು ದಾಟಿದ ಮೇಲೆ ಅತ್ಯುತ್ತಮ ಕೆಲಸಗಾರನಿಗೂ ಕೇವಲ ತೇರ್ಗಡೆಯಾದವನಿಗೂ ಭೇದವಿಲ್ಲ. ದರವೊಂದೇ ನಿರ್ಣಾಯಕ.

ಕೇಂದ್ರ ಸರ್ಕಾರದಲ್ಲಿ ಗುಣಮಟ್ಟ ಮತ್ತು ವೆಚ್ಚ ಆಧಾರಿತ ಆಯ್ಕೆ, ಅಂದರೆ ಕ್ಯೂಸಿಬಿಎಸ್ ಪದ್ಧತಿಯು, ಬಹುಕಾಲ ಸಲಹಾ ಸೇವೆಗಳಿಗೆ ಸೀಮಿತವಾಗಿತ್ತು. 2021ರ ಅಕ್ಟೋಬರ್ 29ರಂದು ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯು ಹೊರಡಿಸಿದ ಸಾಮಾನ್ಯ ಸೂಚನೆಗಳು ಇದನ್ನು ಕಾಮಗಾರಿಗಳಿಗೂ ಸಲಹೇತರ ಸೇವೆಗಳಿಗೂ ವಿಸ್ತರಿಸಿದವು. ಆದರೆ ಎಚ್ಚರಿಕೆಯಿಂದ. ಸಕ್ಷಮ ಪ್ರಾಧಿಕಾರವು ಆ ಖರೀದಿಯನ್ನು ಗುಣಮಟ್ಟ ಪ್ರಧಾನವೆಂದು ಘೋಷಿಸಬೇಕು. ಬೆಲೆಯೇತರ ಅಂಶಗಳ ತೂಕ ಶೇಕಡ 30ನ್ನು ಮೀರಬಾರದು. ಹಿಂದಿನ ಅದೇ ಬಗೆಯ ಕೆಲಸಗಳನ್ನು ಸಕಾಲದಲ್ಲಿ ಮುಗಿಸಿದ್ದಕ್ಕೆ ತೂಕ ಇರಲೇಬೇಕು. ಅಲ್ಲದೆ, ಮೌಲ್ಯಮಾಪಕರು ಯಾರೇ ಆಗಿದ್ದರೂ ಒಬ್ಬ ಸ್ಪರ್ಧಿಗೆ ಬರುವ ಅಂಕ ಹೆಚ್ಚುಕಡಿಮೆ ಒಂದೇ ಆಗಿರುವಂತೆ ಅಂಕಪದ್ಧತಿಯನ್ನು ರೂಪಿಸಬೇಕೆಂಬ ತತ್ತ್ವವನ್ನೂ ಈ ಸೂಚನೆಗಳು ಮುಂದಿಟ್ಟಿವೆ.

ಎರಡು ಅಂಕ, ಹತ್ತು ಲಕ್ಷ

ಆ ತತ್ತ್ವ ಏಕೆ ಮುಖ್ಯ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ದರಕ್ಕೆ 70, ಗುಣಕ್ಕೆ 30ರ ತೂಕವಿರುವ ಒಂದು ಕಾಮಗಾರಿಗೆ ಇಬ್ಬರು ಸ್ಪರ್ಧಿಗಳು. ಮೊದಲನೆಯವರ ದರ 90 ಲಕ್ಷ ರೂಪಾಯಿ, ಗುಣದ ಅಂಕ ನೂರಕ್ಕೆ 60. ಎರಡನೆಯವರ ದರ ಒಂದು ಕೋಟಿ ರೂಪಾಯಿ, ಗುಣದ ಅಂಕ 85. ಕಡಿಮೆ ದರಕ್ಕೆ ಪೂರ್ಣ 100 ಅಂಕ. ಇನ್ನೊಂದಕ್ಕೆ ಅದೇ ಪ್ರಮಾಣದಲ್ಲಿ 90. ತೂಕದ ಪ್ರಕಾರ ಕೂಡಿಸಿದರೆ ಮೊದಲನೆಯವರಿಗೆ 70 ಮತ್ತು 18 ಸೇರಿ 88; ಎರಡನೆಯವರಿಗೆ 63 ಮತ್ತು 25.5 ಸೇರಿ 88.5. ಎರಡನೆಯವರು ಅರ್ಧ ಅಂಕದಿಂದ ಗೆಲ್ಲುತ್ತಾರೆ.

ಈಗ ಅದೇ ಕಡತವನ್ನು ಇನ್ನೊಬ್ಬ ಅಧಿಕಾರಿ ಓದಿ 85ರ ಬದಲು 83 ಅಂಕ ಕೊಟ್ಟರೆಂದು ಭಾವಿಸೋಣ. ಎರಡನೆಯವರ ಒಟ್ಟು ಅಂಕ 87.9ಕ್ಕೆ ಇಳಿದು ಗುತ್ತಿಗೆ ಮೊದಲನೆಯವರಿಗೆ ಹೋಗುತ್ತದೆ. ಯಾರೂ ಲಂಚ ಪಡೆದಿಲ್ಲ, ಯಾರೂ ನಿಯಮ ಮುರಿದಿಲ್ಲ. ಆದರೂ ಒಬ್ಬರ ಔದಾರ್ಯ, ಇನ್ನೊಬ್ಬರ ಬಿಗಿತನದ ನಡುವೆ ಒಂದು ಸಂಸ್ಥೆಯ ಇಡೀ ವರ್ಷದ ಕೆಲಸ ಕೈತಪ್ಪಿತು. ಸರ್ಕಾರದ ಬೊಕ್ಕಸದ ಕಡೆಯಿಂದ ನೋಡಿದರೆ ಹತ್ತು ಲಕ್ಷ ರೂಪಾಯಿ ಹೆಚ್ಚು ಕೊಡಬೇಕೋ ಬೇಡವೋ ಎಂಬುದನ್ನು ಎರಡು ಅಂಕಗಳು ನಿರ್ಧರಿಸಿದವು. ತರಬೇತಿಯಿಲ್ಲದ ಕೈಯಲ್ಲಿ ಗುಣದ ಅಂಕವು ಅಭಿಪ್ರಾಯವಾಗುತ್ತದೆ; ಅಭಿಪ್ರಾಯವಿರುವಲ್ಲಿ ಪ್ರಭಾವಕ್ಕೂ ಬಾಗಿಲು ತೆರೆಯುತ್ತದೆ. ಎಲ್-1 ಪದ್ಧತಿಗೆ ಎಷ್ಟೇ ದೋಷಗಳಿದ್ದರೂ ಅದರ ಅಂಕಿ ಎಲ್ಲರ ಕಣ್ಣಿಗೂ ಒಂದೇ ಆಗಿ ಕಾಣುತ್ತದೆ ಎಂಬ ಗುಣವನ್ನು ಅಲ್ಲಗಳೆಯಲಾಗದು.

ತರಬೇತಿಯಲ್ಲಿ ಏನಿರಬೇಕು

ಫರೀದಾಬಾದಿನ ಅರುಣ್ ಜೇಟ್ಲಿ ರಾಷ್ಟ್ರೀಯ ಹಣಕಾಸು ನಿರ್ವಹಣಾ ಸಂಸ್ಥೆಯು ಸಾರ್ವಜನಿಕ ಸಂಗ್ರಹಣೆಯ ವಿಷಯದಲ್ಲಿ ಅಧಿಕಾರಿಗಳಿಗೆ ತರಬೇತಿ ನಡೆಸುತ್ತಾ ಬಂದಿದೆ. ಇಂತಹ ತರಬೇತಿಯು ನಿಯಮಗಳ ವಾಚನಕ್ಕೆ ಸೀಮಿತವಾದರೆ ಸಾಲದು. ಮಾನದಂಡವನ್ನು ಅಳೆಯಬಹುದಾದ ಮಾತಿನಲ್ಲಿ ಬರೆಯುವುದನ್ನು ಕಲಿಸಬೇಕು. ‘ಉತ್ತಮ ಅನುಭವ’ ಎಂಬುದು ಮಾನದಂಡವಲ್ಲ; ‘ಕಳೆದ ಐದು ವರ್ಷಗಳಲ್ಲಿ ಅವಧಿಯೊಳಗೆ ಪೂರ್ಣಗೊಳಿಸಿದ ಇದೇ ಬಗೆಯ ಕೆಲಸಗಳ ಸಂಖ್ಯೆ’ ಎಂಬುದು ಮಾನದಂಡ. ದರದ ಲಕೋಟೆ ತೆರೆಯುವ ಮೊದಲೇ ಗುಣದ ಅಂಕಗಳನ್ನು ಅಂತಿಮಗೊಳಿಸುವುದು, ಪ್ರತಿಯೊಬ್ಬ ಸದಸ್ಯನೂ ಪ್ರತ್ಯೇಕವಾಗಿ ಅಂಕ ನೀಡಿದ ಮೇಲಷ್ಟೇ ಚರ್ಚಿಸುವುದು, ಪ್ರತಿ ಅಂಕಕ್ಕೂ ಒಂದು ಸಾಲಿನ ಕಾರಣ ಬರೆಯುವುದು ಇವೆಲ್ಲ ಅಭ್ಯಾಸದಿಂದ ಬರುವ ಶಿಸ್ತುಗಳು. ಒಂದೇ ಮಾದರಿ ಕಡತವನ್ನು ಹತ್ತು ಅಧಿಕಾರಿಗಳಿಗೆ ಕೊಟ್ಟು, ಅವರ ಅಂಕಗಳನ್ನು ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದರೆ ಸಾಕು. ತರಬೇತಿ ಏಕೆ ಬೇಕೆಂದು ಯಾರೂ ಮತ್ತೆ ಕೇಳುವುದಿಲ್ಲ.

ಸಣ್ಣ ಉದ್ಯಮಿಯ ಸಿದ್ಧತೆ

ಸಣ್ಣ ಉದ್ಯಮಿಗಳ ಆತಂಕ ಸಹಜವಾದುದು. ವಾರ್ಷಿಕ ವಹಿವಾಟಿಗೆ ಹೆಚ್ಚು ಅಂಕವಿಟ್ಟರೆ ಗುಣದ ಹೆಸರಿನಲ್ಲಿ ಗಾತ್ರವೇ ಗೆಲ್ಲುತ್ತದೆ. ಕೇಂದ್ರದ 2012ರ ಸಂಗ್ರಹಣಾ ನೀತಿಯು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಶೇಕಡ 25ರಷ್ಟು ಖರೀದಿಯನ್ನು ಕಡ್ಡಾಯಗೊಳಿಸಿದ್ದರೂ ಅದು ಕೇಂದ್ರದ ಇಲಾಖೆಗಳಿಗೆ ಮತ್ತು ಉದ್ದಿಮೆಗಳಿಗೆ ಸಂಬಂಧಿಸಿದ್ದು. ಅದರ ಸೌಲಭ್ಯ ತಯಾರಕರಿಗೆ ಮತ್ತು ಸೇವೆ ನೀಡುವವರಿಗೆ ಹೊರತು ಕೇವಲ ವ್ಯಾಪಾರ ಮಾಡುವವರಿಗಿಲ್ಲ. ಆದುದರಿಂದ ಮಾನದಂಡಗಳ ಮೇಲೆ ಕಣ್ಣಿಡುವುದೇ ಮೊದಲ ರಕ್ಷಣೆ. ಟೆಂಡರು ಪೂರ್ವ ಸಭೆಗೆ ಹಾಜರಾಗಿ, ಅಂಕ ವಿಭಜನೆಯನ್ನೂ ಪುರಾವೆಯ ಸ್ವರೂಪವನ್ನೂ ಲಿಖಿತವಾಗಿ ಕೇಳಬೇಕು.

ಮತ್ತೊಂದು ಕಡೆಯಿಂದ ನೋಡಿದರೆ, ಸಮಯಪಾಲನೆಗೆ ಅಂಕವಿರುವುದು ಸಣ್ಣವರಿಗೆ ದೊರೆತ ಅವಕಾಶವೇ ಆಗಿದೆ. ಅದನ್ನು ಗಳಿಸಲು ಬಂಡವಾಳ ಬೇಡ, ದಾಖಲೆ ಬೇಕು. ಕೆಲಸ ಮುಗಿದ ದಿನವೇ ಪೂರ್ಣಗೊಂಡ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಅದರಲ್ಲಿ ಕರಾರಿನ ದಿನಾಂಕ ಮತ್ತು ಮುಗಿದ ದಿನಾಂಕ ಎರಡೂ ಇರಬೇಕು. ವಿಳಂಬ ಇಲಾಖೆಯಿಂದಾಗಿದ್ದರೆ ಅವಧಿ ವಿಸ್ತರಣೆಯ ಆದೇಶವನ್ನು ಕಡತದಲ್ಲಿಡಬೇಕು. ಪರೀಕ್ಷಾ ವರದಿಗಳು, ಸಿಬ್ಬಂದಿಯ ಅರ್ಹತಾ ಪತ್ರಗಳು, ದೂರು ಮತ್ತು ಪರಿಹಾರದ ಪುಸ್ತಕ ಇವೆಲ್ಲ ಲೆಕ್ಕಪುಸ್ತಕದಷ್ಟೇ ಮುಖ್ಯ. ಹತ್ತು ವರ್ಷ ಒಳ್ಳೆಯ ಕೆಲಸ ಮಾಡಿಯೂ ಕಾಗದವಿಲ್ಲದವನಿಗೆ ಯಾವ ತರಬೇತಿ ಪಡೆದ ಅಧಿಕಾರಿಯೂ ಅಂಕ ಕೊಡಲಾರ.

ಅನ್ಯಾಯವಾಯಿತೆಂದು ಕಂಡಲ್ಲಿ ಸುಮ್ಮನಿರಬೇಕಾಗಿಲ್ಲ. ರಾಜ್ಯದ ಅಧಿನಿಯಮವು ಟೆಂಡರು ಅಂಗೀಕಾರಕ್ಕೆ ತುಲನಾತ್ಮಕ ವಿಶ್ಲೇಷಣೆ ಮತ್ತು ಕಾರಣಗಳನ್ನು ಬಯಸುತ್ತದೆ. ಬಾಧಿತರಿಗೆ 16ನೇ ಪ್ರಕರಣದಡಿ ಮೂವತ್ತು ದಿನಗಳೊಳಗೆ ಮೇಲ್ಮನವಿಯ ಹಕ್ಕಿದೆ. ಅಂಕಗಳು ಕಾರಣಸಹಿತ ದಾಖಲಾಗಿದ್ದರೆ ಮಾತ್ರ ಈ ಹಕ್ಕಿಗೆ ಅರ್ಥ ಬರುತ್ತದೆ.

ವಾಣಿಜ್ಯ ಸಂಘಗಳಿಗೂ ಇಲ್ಲಿ ಒಂದು ಪಾತ್ರವಿದೆ. ಅಧಿಕಾರಿಗಳನ್ನೂ ಉದ್ಯಮಿಗಳನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ, ಒಂದು ಮಾದರಿ ಟೆಂಡರಿನ ಮೇಲೆ ಇಬ್ಬರಿಂದಲೂ ಅಂಕ ಹಾಕಿಸುವ ಒಂದು ದಿನದ ಶಿಬಿರ ದುಬಾರಿಯಲ್ಲ. ಅಂಕ ಹೇಗೆ ಕೊಡಬೇಕೆಂದು ಒಬ್ಬರು, ಹೇಗೆ ಗಳಿಸಬೇಕೆಂದು ಇನ್ನೊಬ್ಬರು ಕಲಿಯುತ್ತಾರೆ. ಒಳ್ಳೆಯ ಕೆಲಸಕ್ಕೆ ನ್ಯಾಯವಾದ ಬೆಲೆ ಸಿಗಬೇಕೆಂಬುದು ಉದ್ಯಮ ವಲಯದ ಹಳೆಯ ಬೇಡಿಕೆ. ಆ ಬೇಡಿಕೆಗೆ ದಾರಿ ಈಗ ಸ್ವಲ್ಪ ತೆರೆದಿದೆ. ತಕ್ಕಡಿ ಹಿಡಿಯುವವರನ್ನು ಸಿದ್ಧಗೊಳಿಸುವ ಕೆಲಸ ಉಳಿದಿದೆ.