ಗಣಕಯಂತ್ರದೊಳಗಿನ ಒಂಟಿ ಸಲಗ

ಹಲಸು ಹಣ್ಣಾಗುವ ಕಾಲಕ್ಕೆ ಬೋಗಾದಿಯ ನಮ್ಮ ಕಛೇರಿಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಆನೆಯ ವಿಷಯದ್ದೇ. ಬಿದ್ದ ಅಡಿಕೆ ಮರ, ಮುರಿದ ಕಾಫಿ ಗಿಡ, ತುಳಿದ ಪೈಪು. ಸದಸ್ಯರು ಬರಿದೇ ‘ಆನೆ ಬಂತು’ ಎಂದು ಬರೆಯುವುದಿಲ್ಲ. ‘ಹೋದ ವರ್ಷದ ಅದೇ ಒಂಟಿ ಸಲಗ ಬಂತು’ ಎಂದೇ ಬರೆಯುತ್ತಾರೆ. ಒಂದು ಆನೆಯಂತೆ ಇನ್ನೊಂದಿಲ್ಲ. ಇದೇ ಮಾತಿನಿಂದ ಹೊರಟಿರುವ ಒಂದು ಅಧ್ಯಯನವನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇವೆ.

ಕಾಡಿನಲ್ಲಿ ಒಟ್ಟು ಎಷ್ಟು ಪ್ರಾಣಿ, ವರ್ಷಕ್ಕೆ ಎಷ್ಟು ಹುಟ್ಟು, ಎಷ್ಟು ಸಾವು ಎಂದು ಸರಾಸರಿ ಹಿಡಿದು ಲೆಕ್ಕ ಹಾಕುವುದು ಹಳೆಯ ಕ್ರಮ. ಆದರೆ ಸರಾಸರಿ ಆನೆ ಯಾರ ತೋಟಕ್ಕೂ ನುಗ್ಗುವುದಿಲ್ಲವಷ್ಟೆ! ಹೊಸ ಕ್ರಮದಲ್ಲಿ, ನಮ್ಮ ಸಂಘದಲ್ಲಿ ಪ್ರತಿ ಸದಸ್ಯನಿಗೂ ಬೇರೆ ಖಾತೆ ಇರುವಂತೆ, ಗಣಕಯಂತ್ರದಲ್ಲಿ ಪ್ರತಿ ಜೀವಿಗೂ ಬೇರೆ ಖಾತೆ. ಅಮೆರಿಕದಲ್ಲಿ ಬಾಟ್ಕಿನ್ ಮತ್ತು ಸಂಗಡಿಗರು 1972ರಲ್ಲೇ ಕಾಡಿನ ಒಂದೊಂದು ಮರವನ್ನೂ ಹೀಗೆ ಬೆಳೆಸಿ ನೋಡಿದರು. ಎತ್ತರದ ಮರ ಪಕ್ಕದ ಗಿಡದ ಬೆಳಕು ಕದಿಯುವುದೇ ಅದರ ಮುಖ್ಯ ಲೆಕ್ಕ. ವರ್ಷವರ್ಷ ಮರಗಸಿ ಮಾಡಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೇರಿ 2024ರಲ್ಲಿ ಪ್ರಕಟಿಸಿದ ಅಧ್ಯಯನವು ಕೇರಳದ ಪೆರಿಯಾರ್–ಅಗಸ್ತ್ಯಮಲೆ ಪ್ರದೇಶದ ಒಂಟಿ ಸಲಗಗಳದ್ದು. ಯಂತ್ರದೊಳಗೆ ಆ ಸೀಮೆಯ ಕಾಡು, ತೋಟ, ನೀರು ಎಲ್ಲವೂ ಇವೆ. ಸಲಗಕ್ಕೆ ಹಸಿವಿದೆ, ಮೈ ಬಿಸಿಯಿದೆ, ಬೆಳೆಯ ರುಚಿ ಹತ್ತಿದ ಚಾಳಿಯಿದೆ, ಸಿಟ್ಟೂ ಇದೆ. ಮುಂದಿನ ಹೆಜ್ಜೆ ಎತ್ತ ಎಂಬುದು ಇವುಗಳಿಂದಲೇ ತೀರ್ಮಾನವಾಗುತ್ತದೆ. ಬಳಿಕ ಕಾಡಿನ ಮೇವನ್ನು ಹೆಚ್ಚುಕಡಿಮೆ ಮಾಡಿ ಏನಾಗುತ್ತದೆಂದು ನೋಡುತ್ತಾರೆ. ನಿಜವಾದ ಕಾಡಿನಲ್ಲಿ ಇಂಥ ಪ್ರಯೋಗ ಮಾಡಲಾದೀತೆ?

ಬೇಸಿಗೆಯಲ್ಲಿ ಕಾಡು ಒಣಗಿದಾಗ ಆನೆ ಹೊರಬರುತ್ತದೆಂಬುದು ಸಾಮಾನ್ಯ ನಂಬಿಕೆ. ಇಲ್ಲಿ ಕಂಡದ್ದು ಬೇರೆ: ಮಳೆಯ ತಿಂಗಳುಗಳಲ್ಲೇ ಘರ್ಷಣೆ ಹೆಚ್ಚು. ಬೆವರಿ ಮೈ ತಣಿಸಿಕೊಳ್ಳುವುದು ಆನೆಗೆ ಕಷ್ಟ. ಬಿಸಿಲಿನಲ್ಲಿ ನೀರು, ನೆರಳು ಬಿಟ್ಟು ದೂರ ಹೋಗಲಾರದು. ಮಳೆ ಹಿಡಿದಾಗ ಆ ಕಟ್ಟು ಸಡಿಲಾಗುತ್ತದೆಂದು ನಾವು ತಿಳಿದಿದ್ದೇವೆ. ಹಸಿವೂ ಚಾಳಿಯೂ ಸೇರಿದರೆ ಕಾಟ ಇನ್ನಷ್ಟು ಬಲಿಯುತ್ತದೆ. ಹಲಸನ್ನು ಎಳೆಯದಿರುವಾಗಲೇ ಇಳಿಸಿಬಿಡುವ ಸದಸ್ಯರು ಚಾಳಿ ಹತ್ತದಂತೆ ನೋಡಿಕೊಳ್ಳುತ್ತಿದ್ದಾರೆಂದೇ ಹೇಳಬೇಕು.

ಆದರೆ ಇದನ್ನೇ ನಂಬಿ ಬೇಲಿಯ ಜಾಗ ಬದಲಿಸಲು ನಾವು ಹೇಳುವುದಿಲ್ಲ. ಆ ಸೀಮೆಯ ಆನೆಗಳ ಓಡಾಟದ ಲೆಕ್ಕ ಸಾಲದೆ, ರೇಡಿಯೋ ಪಟ್ಟಿ ತೊಡಿಸಿದ ಇಂಡೋನೇಷ್ಯಾದ ಆನೆಗಳ ಲೆಕ್ಕವನ್ನು ಹೊಂದಿಸಿಕೊಂಡಿದ್ದಾರೆ. ಇದು ಮೊದಲ ಮಾದರಿ ಮಾತ್ರ ಎಂದು ಅವರೇ ಒಪ್ಪಿದ್ದಾರೆ. ಕೊಡಗು, ಹಾಸನದ ಆನೆಗಳಿಗೆ ಇಂಥ ಮಾದರಿ ಆಗಬೇಕಾದರೆ ಇಲ್ಲಿನದೇ ಲೆಕ್ಕ ಬೇಕು. ಆದ್ದರಿಂದ ಸದಸ್ಯರು ನಷ್ಟದ ಮೊತ್ತವೊಂದನ್ನೇ ಬರೆದು ಕಳಿಸದೆ, ಯಾವ ಆನೆ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬಂತು, ಏನು ತಿಂದಿತು, ಅಂದು ಮಳೆಯಿತ್ತೇ ಎಂಬುದನ್ನೂ ಬರೆಯಬೇಕಾಗಿ ವಿನಂತಿ. ಇದಕ್ಕಾಗಿ ಕಛೇರಿಯಲ್ಲಿ ಬೇರೆ ಪುಸ್ತಕ ಇಟ್ಟಿದ್ದೇವೆ.