ರನ್‌ವೇಗಿಂತ ಗಿಡ್ಡ ಪಯಣ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಒಂದು ರನ್‌ವೇ ಉದ್ದ 4,000 ಮೀಟರ್. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆ ಎಂಬ ದ್ವೀಪಕ್ಕೂ ಪಕ್ಕದ ಪಾಪಾ ವೆಸ್ಟ್ರೆಗೂ ನಡುವೆ ವಿಮಾನ ಹಾರುವ ದೂರ ಸುಮಾರು 2.7 ಕಿಲೋಮೀಟರ್. ಆ ದೂರವನ್ನು ಸುತ್ತಿ ತಂದು ನಮ್ಮ ರನ್‌ವೇ ಮೇಲೆ ಹಾಸಿದರೆ ಒಂದು ಕಿಲೋಮೀಟರಿಗೂ ಹೆಚ್ಚು ಜಾಗ ಮಿಕ್ಕುತ್ತದೆ!

ವೇಳಾಪಟ್ಟಿಗೆ ಬದ್ಧವಾದ ವಿಮಾನ ಸಂಚಾರಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು ಇದು. 1967ರಿಂದ ಲೋಗನ್‌ಏರ್ ಸಂಸ್ಥೆ ನಡೆಸಿಕೊಂಡು ಬಂದಿದೆ. ಪಟ್ಟಿಯಲ್ಲಿ ಬರೆದಿರುವುದು ಎರಡು ನಿಮಿಷ; ಗಾಳಿ ಒಲಿದರೆ ಅಷ್ಟೂ ಬೇಡ. ಈ ಹಾದಿಯಲ್ಲಿ 12,000ಕ್ಕೂ ಹೆಚ್ಚು ಸಲ ಹಾರಿದ ಪೈಲಟ್ ಸ್ಟುವರ್ಟ್ ಲಿಂಕ್ಲೇಟರ್ ಒಮ್ಮೆ 53 ಸೆಕೆಂಡಿನಲ್ಲಿ ದಾಟಿಸಿದ್ದರು. ಸೀಟ್ ಬೆಲ್ಟ್ ಬಿಗಿದು ಉಸಿರು ಬಿಡುವಷ್ಟರಲ್ಲಿ ಆಚೆ ದಡ.

ವಿಮಾನವೂ ಅದಕ್ಕೆ ತಕ್ಕ ಹಾಗೆ: ಎರಡು ಪ್ರೊಪೆಲ್ಲರಿನ ಬ್ರಿಟನ್-ನಾರ್ಮನ್ ಐಲ್ಯಾಂಡರ್. ಪ್ರಯಾಣಿಕರು ಎಂಟೇ ಜನ. ಸಹಪೈಲಟ್ ಇಲ್ಲದ್ದರಿಂದ ಒಬ್ಬ ಪ್ರಯಾಣಿಕ ಪೈಲಟ್ ಪಕ್ಕದಲ್ಲೇ ಕೂರಬಹುದು. ನಮ್ಮೂರ ಟೆಂಪೋದಲ್ಲಿ ಡ್ರೈವರ್ ಪಕ್ಕದ ಸೀಟಿಗೆ ನಡೆಯುವ ಪೈಪೋಟಿ ನೆನಪಾದರೆ ಆಶ್ಚರ್ಯವಿಲ್ಲ.

ಟಿಕೆಟ್ಟಿನಲ್ಲಿ ಕಾಣುವ 'ಪ್ರಯಾಣದ ಅವಧಿ' ಎಂದರೆ ಆಕಾಶದಲ್ಲಿ ಇರುವ ಹೊತ್ತು ಎಂದೇ ನಾವು ಎಣಿಸುತ್ತೇವೆ. ಹಾಗಲ್ಲ. ನಿಂತ ಜಾಗದಿಂದ ವಿಮಾನ ಕದಲಿದ ಗಳಿಗೆಯಿಂದ ಇನ್ನೊಂದು ಊರಿನಲ್ಲಿ ಪೂರ್ತಿ ನಿಲ್ಲುವ ತನಕದ ಲೆಕ್ಕ ಅದು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ಪಟ್ಟಿ ಹೇಳುವ ಒಂದು ಗಂಟೆ ಆಸುಪಾಸಿನ ಅವಧಿಯಲ್ಲಿ ನೆಲದ ಮೇಲೆ ತೆವಳುವುದು, ಸರದಿ ಕಾಯುವುದು ಎಲ್ಲವೂ ಸೇರಿದೆ. ವಿಮಾನ ಪೂರ್ತಿ ಎತ್ತರ ಮುಟ್ಟಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇಳಿಯುವ ತಯಾರಿ ಶುರುವಾಗಿರುತ್ತದೆ. ದೂರ ಚಿಕ್ಕದಾದಷ್ಟೂ ಈ ನೆಲದ ಪಾಲು ದೊಡ್ಡದು. ಆರ್ಕ್ನಿಯಲ್ಲಿ ಸರದಿಯೇ ಇಲ್ಲ, ಏರಬೇಕಾದ ಎತ್ತರವೂ ಇಲ್ಲ. ಅದಕ್ಕೇ ಎರಡು ನಿಮಿಷದ ಲೆಕ್ಕ ಕೂಡಿಬರುತ್ತದೆ.

ಇಷ್ಟು ದೂರಕ್ಕೆ ವಿಮಾನವೇಕೆ, ದೋಣಿ ಇಲ್ಲವೇ? ಇದೆ. ಆದರೆ ಈ ವಿಮಾನ ಹುಟ್ಟಿದ್ದು ಎರಡು ನಿಮಿಷದ ಸೋಜಿಗಕ್ಕಲ್ಲ. ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ನಿಂದ ಹೊರಟು ದ್ವೀಪ ದ್ವೀಪಕ್ಕೆ ಇಳಿದು ಬರುವ ಹಾದಿಯಲ್ಲಿ ಇದೊಂದು ಸಣ್ಣ ತುಂಡು. ಹಳ್ಳಿ ಹಳ್ಳಿಗೆ ನಿಲ್ಲುತ್ತಾ ಹೋಗುವ ನಮ್ಮ ಸಾರಿಗೆ ಬಸ್ಸಿನ ಎರಡು ಸ್ಟಾಪ್‌ಗಳ ನಡುವಿನ ದೂರವಿದ್ದ ಹಾಗೆ. ನೂರು ಜನವೂ ಇಲ್ಲದ ಪಾಪಾ ವೆಸ್ಟ್ರೆಗೆ ಮೇಷ್ಟ್ರು, ವೈದ್ಯರು ಬರುವುದು ಹೀಗೆಯೇ. ಸಾವಿರಾರು ವರ್ಷ ಹಳೆಯ ನ್ಯಾಪ್ ಆಫ್ ಹವರ್ ಕಲ್ಲುಮನೆ ನೋಡಲು ಬರುವವರೂ ಉಂಟು, ಬರೀ ಹಾರಲೆಂದೇ ಬರುವವರೂ ಉಂಟು. ಹಾರಿದ್ದಕ್ಕೆ ಅವರ ಕೈಗೆ ಪ್ರಮಾಣಪತ್ರವೂ ಸಿಗುತ್ತದೆ.

ಮಂಜು ಕವಿದ ದಿನ ಮಾತ್ರ ಯಾವ ವೇಳಾಪಟ್ಟಿಯೂ ನಡೆಯುವುದಿಲ್ಲ. ಎದುರಿಗೇ ಇರುವ ದ್ವೀಪ ಕಣ್ಣಿಗೂ ಕಾಣುವುದಿಲ್ಲ.